ಬಡ್ತಿ ಬೇಡ ಎಂದು ಬರೆದುಕೊಟ್ಟ ಟೀಚರಮ್ಮನನ್ನು ಯಾರು ಎಣಿಸಿದ್ದಾರೆ?

ಎಂ.ಇಡಿ. ಮುಗಿಸುವ ಹಂತದವರು, ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದವರು ವಿಷಯ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಈಚೆಗೆ ಒಂದು ವಿಷಯ ಜಾಸ್ತಿ ಬರುತ್ತಿದೆ: ಅಭಿವೃದ್ಧಿಶೀಲ ದೇಶಗಳಲ್ಲಿ ಶಾಲೆಯ ಮುಖ್ಯಸ್ಥರ ಕುರ್ಚಿಯಲ್ಲಿ ಹೆಣ್ಣುಮಕ್ಕಳು ಯಾಕೆ ಕಡಿಮೆ? ವಿಷಯ ಒಳ್ಳೆಯದು, ಸಂತೋಷವಾಗುತ್ತದೆ. ಆದರೆ ಬರುವಾಗಲೇ ಕೈಯಲ್ಲೊಂದು ಪ್ರಶ್ನಾವಳಿ ಇರುತ್ತದೆ. "ಮಹಿಳೆಯರಿಗೆ ಮುಂದಾಳುತನದ ಆತ್ಮವಿಶ್ವಾಸ ಕಡಿಮೆ" ಎಂಬ ವಾಕ್ಯ, ಅದರ ಮುಂದೆ "ಪೂರ್ಣವಾಗಿ ಒಪ್ಪುತ್ತೇನೆ"ಯಿಂದ "ಒಪ್ಪುವುದೇ ಇಲ್ಲ"ದವರೆಗೆ ಐದು ಮನೆ. ಇನ್ನೂರು ಜನರಿಂದ ಟಿಕ್ ಹಾಕಿಸಿದರೆ ಪ್ರಬಂಧ ಮುಗಿಯುತ್ತದೆ. ಹೆಣ್ಣುಮಕ್ಕಳ ಬಗ್ಗೆ ಊರಿನಲ್ಲಿ ಮೊದಲೇ ಇದ್ದ ಅಭಿಪ್ರಾಯವೇ ಕೋಷ್ಟಕವಾಗಿ ಹೊರಬರುತ್ತದೆ.

ಆ ಪ್ರಶ್ನಾವಳಿಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ ಎನ್ನುತ್ತೇನೆ. ಮೊದಲು ಜಿಲ್ಲೆಯ ಜ್ಯೇಷ್ಠತಾ ಪಟ್ಟಿ, ಅಂದರೆ ಬಡ್ತಿಯ ಸರದಿ ಹೇಳುವ ಪಟ್ಟಿ, ತನ್ನಿ. ಬಡ್ತಿ ಕೌನ್ಸೆಲಿಂಗ್‌ನಲ್ಲಿ (ಬಡ್ತಿಯ ಸರದಿ ಬಂದವರು ಶಾಲೆ ಆರಿಸಿಕೊಳ್ಳುವ ಸಭೆ ಅದು) ತೋರಿಸಿದ ಖಾಲಿ ಹುದ್ದೆಗಳ ಪಟ್ಟಿ ತನ್ನಿ. ಬಡ್ತಿ ಬೇಡ ಎಂದು ಯಾರು ಯಾರು ಬರೆದುಕೊಟ್ಟರು ಎಂಬುದನ್ನೂ ಕೇಳಿ ತನ್ನಿ. ಈ ಮೂರು ಕಾಗದ ಅಕ್ಕಪಕ್ಕ ಇಟ್ಟರೆ ನಿಜವಾದ ಪ್ರಶ್ನೆ ತಾನಾಗಿ ಎದ್ದು ಬರುತ್ತದೆ.

ಜಗತ್ತಿನ ಲೆಕ್ಕ ಹೇಗಿದೆ ಎಂದು ಮೊದಲು ಹೇಳುತ್ತೇನೆ. ಯುನೆಸ್ಕೊದ ಜಾಗತಿಕ ಶಿಕ್ಷಣ ವರದಿಯ ತಂಡ 2025ರಲ್ಲಿ ಹೆಣ್ಣುಮಕ್ಕಳ ಮುಂದಾಳುತನದ ಬಗ್ಗೆಯೇ ಪ್ರತ್ಯೇಕ ವರದಿ ತಂದಿತು. ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳ ಶಿಕ್ಷಕರಲ್ಲಿ ಹೆಣ್ಣುಮಕ್ಕಳ ಪಾಲು ಎಷ್ಟಿದೆಯೋ, ಮುಖ್ಯಸ್ಥರಲ್ಲಿ ಅದಕ್ಕಿಂತ ಸರಾಸರಿ 20 ಶೇಕಡಾ ಅಂಶಗಳಷ್ಟು ಕಡಿಮೆ ಎಂದು ಅದು ಹೇಳುತ್ತದೆ. ಪ್ರತಿ ಶಾಲೆಯಿಂದ ಮಾಹಿತಿ ತರಿಸುವ ನಮ್ಮ ದೇಶದ ಯುಡೈಸ್ ಲೆಕ್ಕದಲ್ಲಿ 2024-25ರಲ್ಲಿ ಶಿಕ್ಷಕರ ಸಂಖ್ಯೆ ಒಂದು ಕೋಟಿ ದಾಟಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ. 54ರಷ್ಟು, ಮಹಿಳೆಯರು. ಅಂದರೆ ಪಾಠ ಮಾಡುವ ಕೆಲಸಕ್ಕೆ ಹೆಣ್ಣುಮಕ್ಕಳು ಬಂದಾಗಿದೆ. ಸಹ ಶಿಕ್ಷಕಿಯ ಕುರ್ಚಿಯಿಂದ ಮುಖ್ಯ ಶಿಕ್ಷಕಿಯ ಕುರ್ಚಿಗೆ ಹೋಗುವ ದಾರಿಯಲ್ಲಿ ಎಲ್ಲಿ ಕಳೆದುಹೋಗುತ್ತಿದ್ದಾರೆ ಅನ್ನುವುದನ್ನು ಹುಡುಕಬೇಕು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇವತ್ತಿನ ಎಲ್ಲ ಶಿಕ್ಷಕರನ್ನೂ ಇವತ್ತಿನ ಮುಖ್ಯ ಶಿಕ್ಷಕರನ್ನೂ ನೇರವಾಗಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಇವತ್ತು ಆ ಕುರ್ಚಿಯಲ್ಲಿ ಕೂತವರು ಇಪ್ಪತ್ತು, ಇಪ್ಪತ್ತೈದು ವರ್ಷದ ಹಿಂದೆ ನೇಮಕವಾದವರು. ಹಾಗಾಗಿ ಅವರ ಜೊತೆಗೇ ಕೆಲಸಕ್ಕೆ ಸೇರಿದವರಲ್ಲಿ ಎಷ್ಟು ಜನ ಹೆಣ್ಣುಮಕ್ಕಳಿದ್ದರು ಎಂದು ನೋಡಬೇಕು. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಬಂದಾಗ ಏಕೋಪಾಧ್ಯಾಯ ಶಾಲೆಗೆ ಕೊಡುವ ಎರಡನೇ ಶಿಕ್ಷಕರು ಆದಷ್ಟು ಮಹಿಳೆಯೇ ಆಗಿರಲಿ ಎಂದರು. 2001ರ ಸುಮಾರಿಗೆ ಶುರುವಾದ ಸರ್ವ ಶಿಕ್ಷಣ ಅಭಿಯಾನದಲ್ಲಿ ಹೊಸ ನೇಮಕಾತಿಯ ಅರ್ಧ ಮಹಿಳೆಯರಿಗೆ ಎಂದಾಯಿತು. "ಸ್ವಲ್ಪ ತಾಳಿ, ಸರ್ವೀಸ್ ಆದ ಮೇಲೆ ಅವರೂ ಮೇಲೆ ಬರ್ತಾರೆ" ಎಂಬ ಸಮಾಧಾನದ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆ ಕಾಲದಲ್ಲಿ ಸೇರಿದವರಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ಆ ಮಾತು ನಿಜವೇ ಎಂದು ಪರೀಕ್ಷಿಸುವ ಕಾಲ ಈಗ ಬಂದಿದೆ.

ಜ್ಯೇಷ್ಠತಾ ಪಟ್ಟಿ ಕೈಗೆ ಬಂದಾಗ ವಿದ್ಯಾರ್ಥಿಗಳು ಹೇಳುವುದು ಒಂದೇ: "ಮೇಡಂ, ಇದರಲ್ಲಿ ಹೆಣ್ಣು ಗಂಡು ಅಂತ ಭೇದವೇ ಇಲ್ಲವಲ್ಲ. ಕೆಲಸಕ್ಕೆ ಸೇರಿದ ದಿನಾಂಕ ಅಷ್ಟೇ." ಹೌದು. ಆದರೆ ಆ ದಿನಾಂಕದ ಹಿಂದೆ ಒಂದು ಕಥೆ ಇರುತ್ತದೆ. ಪ್ರಾಥಮಿಕ ಶಿಕ್ಷಕರ ಜ್ಯೇಷ್ಠತೆ ಜಿಲ್ಲೆಯ ಮಟ್ಟದ್ದು. ಕೊಪ್ಪಳದಲ್ಲೋ ರಾಯಚೂರಿನಲ್ಲೋ ನೇಮಕವಾದ ಹುಡುಗಿ ದಾವಣಗೆರೆಯ ಮನೆಗೆ ಸೊಸೆಯಾಗಿ ಬರುತ್ತಾಳೆ. ಕೆಲವು ವರ್ಷ ಒದ್ದಾಡಿ, ಪತಿ-ಪತ್ನಿ ಪ್ರಕರಣದಲ್ಲಿ ವರ್ಗಾವಣೆ ಪಡೆಯುತ್ತಾಳೆ. ಬೇರೆ ಜಿಲ್ಲೆಯಿಂದ ಕೋರಿಕೆಯ ಮೇಲೆ ಬಂದವರ ಹೆಸರು ಇಲ್ಲಿನ ಪಟ್ಟಿಯ ಕೊನೆಗೆ ಸೇರುತ್ತದೆ. ಅಲ್ಲಿ ದುಡಿದ ವರ್ಷಗಳು ಸಂಬಳಕ್ಕೆ, ಪಿಂಚಣಿಗೆ ಲೆಕ್ಕ. ಬಡ್ತಿಯ ಸಾಲಿನಲ್ಲಿ ಲೆಕ್ಕವಿಲ್ಲ. ನಿಯಮ ಗಂಡಸರಿಗೂ ಅದೇ, ನಿಜ. ಆದರೆ ಮದುವೆಯಾಗಿ ಊರು ಬಿಡುವವರು ನಮ್ಮ ಕಡೆ ಯಾರು ಜಾಸ್ತಿ ಅಂತ ಬೇರೆ ಹೇಳಬೇಕಾ? ಹಾಗಾಗಿ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಎರಡು ದಿನಾಂಕ ಬರೆದುಕೊಳ್ಳಿ: ಸರ್ಕಾರಿ ಸೇವೆಗೆ ಸೇರಿದ್ದು ಯಾವಾಗ, ಈ ಜಿಲ್ಲೆಗೆ ಬಂದಿದ್ದು ಯಾವಾಗ. ಎರಡರ ನಡುವಿನ ಅಂತರವನ್ನು ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಕೂಡಿಸಿ. ನನ್ನ ಮಟ್ಟಿಗೆ ಇಡೀ ಅಧ್ಯಯನದಲ್ಲಿ ಅತ್ಯಂತ ಬೆಲೆಯುಳ್ಳ ಕೋಷ್ಟಕ ಅದೇ.

ಇನ್ನು ಕೌನ್ಸೆಲಿಂಗ್ ಹಾಲ್. ಜ್ಯೇಷ್ಠತೆಯ ಪ್ರಕಾರ ಹೆಸರು ಕೂಗುತ್ತಾರೆ, ಸ್ಕ್ರೀನ್ ಮೇಲೆ ಖಾಲಿ ಇರುವ ಶಾಲೆಗಳ ಹೆಸರು ಇರುತ್ತದೆ, ಒಂದನ್ನು ಆರಿಸಿಕೊಳ್ಳಬೇಕು. ಪೇಟೆಯ ಹತ್ತಿರದ ಶಾಲೆಗಳು ಬೇಗ ಖಾಲಿಯಾಗುತ್ತವೆ. ಚಿತ್ರದುರ್ಗ ಜಿಲ್ಲೆಯಲ್ಲಾದರೆ ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ದೂರದ ಹಳ್ಳಿಗಳು ಉಳಿಯುತ್ತವೆ. ದಾವಣಗೆರೆಯಲ್ಲಾದರೆ ಜಗಳೂರಿನ ಒಳಹಳ್ಳಿಗಳು, ಚನ್ನಗಿರಿಯ ಅಂಚು. ಬೇಡ ಅನ್ನುವವರು ಒಂದು ಹಾಳೆಯಲ್ಲಿ ಬಡ್ತಿ ನಿರಾಕರಣೆ ಬರೆದುಕೊಟ್ಟು ಹೊರಡುತ್ತಾರೆ. ಕಾರಣದ ಜಾಗದಲ್ಲಿ "ವೈಯಕ್ತಿಕ ಕಾರಣಗಳಿಂದ" ಎಂದಿರುತ್ತದೆ. ಅಷ್ಟೇ.

ಹೀಗೆ ಬರೆದುಕೊಟ್ಟ ಒಬ್ಬ ಟೀಚರ್ ಜೊತೆ ಕೂತು ಮಾತಾಡಿದ್ದನ್ನು ಹೇಳುತ್ತೇನೆ. ದಾವಣಗೆರೆಯಲ್ಲಿ ಮನೆ, ಹತ್ತಿರದ ಹಳ್ಳಿಯಲ್ಲಿ ಕೆಲಸ. ಬಡ್ತಿ ಯಾಕೆ ಬಿಟ್ರಿ ಅಂದರೆ, "ಇಂಟ್ರೆಸ್ಟ್ ಇರ್ಲಿಲ್ಲ ಮೇಡಂ. ಸುಮ್ನೆ ಯಾಕೆ ತಲೆನೋವು" ಅಂದರು. ಪ್ರಶ್ನಾವಳಿ ಇದ್ದಿದ್ದರೆ "ಆಸಕ್ತಿಯ ಕೊರತೆ" ಎಂಬ ಮನೆಗೆ ಒಂದು ಟಿಕ್ ಬಿದ್ದು ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾನು ಬೇರೆ ಪ್ರಶ್ನೆ ಕೇಳಿದೆ: "ಅವತ್ತು ಸ್ಕ್ರೀನ್ ಮೇಲೆ ಯಾವ್ಯಾವ ಊರು ಇದ್ವು?" ಕಣ್ಣು ಮುಚ್ಚಿ ಹೇಳಿದ ಹಾಗೆ ಒಂದೊಂದೇ ಹೇಳಿದರು. "ಜಗಳೂರಿನವರೆಗೂ ಬಸ್ ಐತಿ ಮೇಡಂ. ಅಲ್ಲಿಂದ ಒಳಗೆ ಬೆಳಗ್ಗೆ ಒಂದೇ ಬಸ್. ಅದು ತಪ್ಪಿದ್ರೆ ಯಾರದ್ದಾದ್ರೂ ಬೈಕ್ ಹತ್ತಬೇಕು. ಇನ್ನೊಂದು ಊರಲ್ಲಿ ಶಾಲೆ ಚೆನ್ನಾಗೈತಿ, ಆದ್ರೆ ಸಂಜೆ ವಾಪಸ್ ಬರೋ ಬಸ್ಸಿಲ್ಲ. ಅತ್ತೆಗೆ ಇನ್ಸುಲಿನ್ ಹಾಕಿ ನಾನು ಹೊರಡಬೇಕು. ಮಗಳು ಸೆಕೆಂಡ್ ಪಿಯುಸಿ." ಎಷ್ಟೊಂದು ಲೆಕ್ಕ ಹಾಕಿದ್ದರು ನೋಡಿ! ಆ ಹಾಲ್‌ಗೆ ಬರುವ ಮೊದಲೇ ಪ್ರತಿ ಊರಿನ ಬಸ್ ವೇಳೆ ವಿಚಾರಿಸಿದ್ದರು. ಕುರ್ಚಿಯ ಆಸೆ ಇಲ್ಲದವರು ಇಷ್ಟು ವಿಚಾರಿಸುತ್ತಾರಾ?

ಹಾಗಾಗಿ ಸಂದರ್ಶನಕ್ಕೆ ಹೋಗುವವರಿಗೆ ನನ್ನ ಮಾತು ಇದು. "ಯಾಕೆ" ಎಂದು ಕೇಳಬೇಡಿ, ಅದಕ್ಕೆ ಮರ್ಯಾದೆಯ ಉತ್ತರ ಬರುತ್ತದೆ. ಅವತ್ತು ಏನಾಯಿತು, ಯಾರಿಗೆ ಫೋನ್ ಮಾಡಿದಿರಿ, ಮನೆಯಲ್ಲಿ ಯಾರು ಏನಂದರು, ಬೆಳಗ್ಗೆ ಎಷ್ಟಕ್ಕೆ ಏಳುತ್ತೀರಿ ಎಂದು ಕೇಳಿ. ಆದಷ್ಟು ಶಾಲೆಯಲ್ಲೇ ಮಾತಾಡಿಸಿ. ಮನೆಗೆ ಹೋದರೆ ಯಜಮಾನರೂ ಬಂದು ಕೂರುತ್ತಾರೆ, ಅರ್ಧ ಉತ್ತರ ಅವರದೇ ಆಗಿರುತ್ತದೆ. ಬಡ್ತಿ ಬಿಟ್ಟ ಗಂಡಸರನ್ನೂ ತಪ್ಪದೆ ಕೇಳಿ. ಅವರೂ ಬಿಡುತ್ತಾರೆ. ಅವರು ಬಿಟ್ಟಿದ್ದಕ್ಕೆ ಕೊಡುವ ಕಾರಣಗಳಲ್ಲಿ ಅತ್ತೆಯ ಇನ್ಸುಲಿನ್ ಬರುತ್ತದೆಯೇ ಎಂದು ನೋಡಬೇಕು.

ಪ್ರಭಾರದ, ಅಂದರೆ ಹುದ್ದೆ ಕೊಡದೆ ಮುಖ್ಯಸ್ಥರ ಕೆಲಸ ಮಾತ್ರ ವಹಿಸುವ, ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 1ರಿಂದ 5ನೇ ತರಗತಿಯಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ, 6ರಿಂದ 8ರಲ್ಲಿ 100ಕ್ಕಿಂತ ಹೆಚ್ಚಿದ್ದರೆ ಮುಖ್ಯ ಶಿಕ್ಷಕರ ಹುದ್ದೆ. ನಮ್ಮ ಹಳ್ಳಿಗಳ ಸಣ್ಣ ಶಾಲೆಗಳಿಗೆ ಆ ಸಂಖ್ಯೆ ಎಲ್ಲಿಂದ ಬರಬೇಕು? ಇರುವವರಲ್ಲಿ ಹಿರಿಯರಿಗೆ ಪ್ರಭಾರ ಕೊಡುತ್ತಾರೆ, ಎಷ್ಟೋ ಕಡೆ ಆ ಹಿರಿಯರು ಟೀಚರಮ್ಮನೇ. ಹಾಲಿನ ಪುಡಿ ಎಷ್ಟು ಉಳಿಯಿತು, ಇವತ್ತು ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಸಿಲಿಂಡರ್ ಬುಕ್ ಆಯಿತಾ, ಅಡುಗೆಯವರು ಯಾಕೆ ಬಂದಿಲ್ಲ. ಅಷ್ಟರಲ್ಲಿ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಿಂದ (ಸಿಆರ್‌ಪಿ) ವಾಟ್ಸ್‌ಆ್ಯಪ್, ಮಾಹಿತಿ ಹನ್ನೊಂದು ಗಂಟೆಯೊಳಗೆ ಬೇಕು. ಶಾಲೆಯ ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರ ಸಹಿ ಬೇಕು, ಅವರು ಹೊಲದಲ್ಲಿದ್ದಾರೆ. ಇದರ ನಡುವೆ ಎರಡು ತರಗತಿ ಸೇರಿಸಿ ಪಾಠ. ಬಾಗಿಲಲ್ಲಿ ನಿಂತು ಅರ್ಧ ಗಂಟೆ ನೋಡಿದರೆ ಸಾಕು, ಶಾಲೆ ನಡೆಸುವುದು ಅಂದರೇನು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಆ ಟೀಚರಮ್ಮ ಜ್ಯೇಷ್ಠತಾ ಪಟ್ಟಿಯಲ್ಲಿ ಸಹ ಶಿಕ್ಷಕಿಯಾಗಿಯೇ ಇರುತ್ತಾರೆ. ಯುಡೈಸ್ ನಮೂನೆಯಲ್ಲಿ ಪ್ರಭಾರ ಮುಖ್ಯಸ್ಥರಿಗೆ ಬೇರೆ ವರ್ಗವಿದೆ. ಅದನ್ನು ಹುದ್ದೆಯಲ್ಲಿರುವ ಮುಖ್ಯ ಶಿಕ್ಷಕರ ಜೊತೆ ಕಲಸಿಬಿಟ್ಟರೆ ಹೆಣ್ಣುಮಕ್ಕಳ ಸಂಖ್ಯೆ ಚೆನ್ನಾಗಿ ಕಾಣುತ್ತದೆ. ಪೂರ್ತಿ ಬಿಟ್ಟುಬಿಟ್ಟರೆ ಅವರ ದುಡಿಮೆಯೇ ಕಾಣುವುದಿಲ್ಲ. ಎರಡೂ ಬೇರೆ ಬೇರೆ ಇರಲಿ.

ಅನುದಾನಿತ ಮತ್ತು ಖಾಸಗಿ ಶಾಲೆಗಳ ರೀತಿಯೇ ಬೇರೆ. ಅಲ್ಲಿ ಆಡಳಿತ ಮಂಡಳಿಯ ಮಾತು ನಡೆಯುತ್ತದೆ. ಸರ್ಕಾರಿ ಶಾಲೆಗೆ ಮಾಡಿದ ವಿಶ್ಲೇಷಣೆಯನ್ನು ಅಲ್ಲಿಗೆ ಎಳೆಯಬೇಡಿ, ಪ್ರತ್ಯೇಕವಾಗಿಯೇ ಮಾಡಿ.

"ಹೆಣ್ಣುಮಕ್ಕಳು ಮುಖ್ಯಸ್ಥರಾದರೆ ಮಕ್ಕಳ ಕಲಿಕೆಗೆ ಏನು ಲಾಭ?" ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳುತ್ತಾರೆ. ಲಾಭ ತೋರಿಸಿದರೆ ಮಾತ್ರ ಆ ಕುರ್ಚಿ ಅವರದು ಎಂದು ನಾನು ಒಪ್ಪುವುದಿಲ್ಲ. ಗಂಡಸರಿಗೆ ಆ ಪ್ರಶ್ನೆ ಯಾರೂ ಹಾಕಿಲ್ಲ. ಆದರೂ ಉತ್ತರ ಗೊತ್ತಿರಬೇಕು. ಫ್ರೆಂಚ್ ಮಾತಾಡುವ ಆಫ್ರಿಕಾದ ದೇಶಗಳಲ್ಲಿ ಪಾಸೆಕ್ ಎಂಬ ಕಲಿಕಾ ಪರೀಕ್ಷೆ ನಡೆಯುತ್ತದೆ. ಬೆನಿನ್, ಮಡಗಾಸ್ಕರ್, ಸೆನೆಗಲ್, ಟೋಗೊ ದೇಶಗಳಲ್ಲಿ ಮಹಿಳೆಯರು ನಡೆಸುವ ಪ್ರಾಥಮಿಕ ಶಾಲೆಗಳ ಮಕ್ಕಳು ಓದು ಮತ್ತು ಗಣಿತದಲ್ಲಿ ಹೆಚ್ಚೆಂದರೆ ಒಂದು ವರ್ಷದ ಕಲಿಕೆಯಷ್ಟು ಮುಂದಿದ್ದಾರೆ ಎಂದು ಆ ಅಂಕಿ ಅಂಶ ಬಳಸಿದ ಅಧ್ಯಯನಗಳು ಹೇಳಿವೆ. ಓದಿದಾಗ ಖುಷಿಯಾಗುತ್ತದೆ. ಆದರೆ ಸಂಶೋಧಕರು ಒಂದು ಪ್ರಶ್ನೆ ಬಿಡಬಾರದು. ಮುಖ್ಯ ಶಿಕ್ಷಕಿ ಬಂದಿದ್ದರಿಂದ ಶಾಲೆ ಚೆನ್ನಾಯಿತೇ, ಅಥವಾ ಮೊದಲೇ ಚೆನ್ನಾಗಿದ್ದ, ರಸ್ತೆ ಬದಿಯ ಶಾಲೆಗೆ ಅವರು ಹೋಗಲು ಸಾಧ್ಯವಾಯಿತೇ?

ಪಂಚಾಯ್ತಿಗಳಲ್ಲಿ ಈ ತೊಡಕು ಕಡಿಮೆ. ಅಧ್ಯಕ್ಷ ಸ್ಥಾನದ ಮಹಿಳಾ ಮೀಸಲಾತಿ ಸರದಿಯಂತೆ ಬರುತ್ತದೆ, ಊರಿನ ಗುಣ ನೋಡಿ ಅಲ್ಲ. ಅದಕ್ಕೇ ಸಂಶೋಧಕರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪಶ್ಚಿಮ ಬಂಗಾಳ, ರಾಜಸ್ಥಾನದ ಪಂಚಾಯ್ತಿಗಳನ್ನು ಹೋಲಿಸಿ, ಮಹಿಳೆ ಅಧ್ಯಕ್ಷೆಯಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಗಮನ ಸಿಕ್ಕಿತು ಎಂದು ಗಟ್ಟಿಯಾಗಿ ಹೇಳಲು ಸಾಧ್ಯವಾಯಿತು. ಶಾಲೆಯ ಕುರ್ಚಿಗೆ ಅಂಥ ಸರದಿ ಇಲ್ಲ. ನಮ್ಮ ಜಿಲ್ಲೆಯ ಮಟ್ಟದಲ್ಲಿ ಮಾಡಬಹುದಾದ್ದು ಅಂದರೆ ಒಂದೇ ಶಾಲೆಯನ್ನು ಮುಖ್ಯಸ್ಥರು ಬದಲಾಗುವ ಮೊದಲೂ ಆಮೇಲೂ ನೋಡುವುದು: ಹಾಜರಾತಿ, ಏಳನೇ ತರಗತಿ ಆದ ಮೇಲೆ ಎಷ್ಟು ಹುಡುಗಿಯರು ಎಂಟಕ್ಕೆ ಸೇರಿದರು, ಶೌಚಾಲಯದಲ್ಲಿ ನೀರು ಬರುತ್ತಿದೆಯೇ. ಒಂದು ತಾಲ್ಲೂಕಿನ ಹತ್ತು ಹನ್ನೆರಡು ಶಾಲೆ ನೋಡಿ ಶೇಕಡಾವಾರು ಬರೆಯಬೇಡಿ. ಅಷ್ಟು ಕಡಿಮೆ ಇದ್ದಾಗ ಒಂದೊಂದು ಶಾಲೆಯ ವಿವರ ಬರೆಯುವುದೇ ಒಳ್ಳೆಯದು.

ಇಲಾಖೆಯ ಕಚೇರಿಗಳಿಗೂ ನನ್ನದೊಂದು ಕೋರಿಕೆ ಇದೆ. ನಿರಾಕರಣೆ ಪತ್ರಕ್ಕೆ ಒಂದು ಅಚ್ಚಾದ ನಮೂನೆ ಮಾಡಿ. ಹೆಣ್ಣೋ ಗಂಡೋ, ಅವರ ಸರದಿ ಬಂದಾಗ ಯಾವ ಶಾಲೆಗಳು ಉಳಿದಿದ್ದವು, ಈಗಿನ ಮನೆಯಿಂದ ಎಷ್ಟು ದೂರ, ಸಂಜೆ ವಾಪಸ್ ಬಸ್ ಇದೆಯೇ ಎಂಬ ನಾಲ್ಕು ಸಾಲು ಸಾಕು. ಖರ್ಚು ಒಂದು ಹಾಳೆಯದು. ಎರಡು ಮೂರು ವರ್ಷ ಹೀಗೆ ಬರೆಸಿದರೆ ಯಾವ ಶಾಲೆಗೆ ಬಸ್ ಬೇಕು, ಎಲ್ಲಿ ವಸತಿ ಬೇಕು, ಯಾವ ಹುದ್ದೆಗೆ ಹೆಣ್ಣುಮಕ್ಕಳು ಬರಲು ಸಿದ್ಧರಿದ್ದಾರೆ ಎಂದು ಕಚೇರಿಗೇ ಗೊತ್ತಾಗುತ್ತದೆ. ವಿದ್ಯಾರ್ಥಿಗಳು ಆ ನಮೂನೆಗಾಗಿ ಕಾಯುವುದು ಬೇಡ. ಮುಂದಿನ ಬಡ್ತಿ ಕೌನ್ಸೆಲಿಂಗ್‌ನ ದಿನಾಂಕ ಪ್ರಕಟವಾದ ಕೂಡಲೇ ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿಗೆ ಹೋಗಿ, ಹಾಲ್‌ನ ಹಿಂದಿನ ಸಾಲಿನಲ್ಲಿ ಕೂರಲು ಲಿಖಿತ ಅನುಮತಿ ಕೇಳಿ. ಒಪ್ಪಿದರೆ ಅಂತಿಮ ಜ್ಯೇಷ್ಠತಾ ಪಟ್ಟಿಯ ಪ್ರತಿ ಮತ್ತು ಬಸ್ಸಿನ ವೇಳಾಪಟ್ಟಿ ಎರಡನ್ನೂ ಜೊತೆಗೆ ಒಯ್ಯಿರಿ.