ಬರೀ ಮಾತಾಡಿದರೆ ಆತಂಕ ಹೋಗುತ್ತಾ?

ಪ್ರಶ್ನೆ: ಆಗಾಗ ಎದೆ ಡವಡವ ಅನ್ನುತ್ತೆ, ಅಂಗೈ ಬೆವರುತ್ತೆ, ಈಗಲೇ ಏನೋ ಆಗಿಬಿಡುತ್ತೆ ಅನ್ನಿಸುತ್ತೆ. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಆಯಿತು, ಏನೂ ಇಲ್ಲವಂತೆ. ಥೆರಪಿಗೆ ಹೋಗಿ ಅಂದಿದ್ದಾರೆ. ಮನಸ್ಸಿನ ಭಾರ ಇಳಿಸಿಕೊಳ್ಳಲು ನನಗೆ ಒಳ್ಳೆಯ ಸ್ನೇಹಿತರಿದ್ದಾರೆ. ದುಡ್ಡು ಕೊಟ್ಟು ಮಾತಾಡಿ ಬಂದರೆ ಏನು ಉಪಯೋಗ?

ಉತ್ತರ: ಈ ಪ್ರಶ್ನೆಗೆ ಉತ್ತರ ಬರೆದೂ ಬರೆದೂ ಸಾಕಾಗಿದೆ. ಇರಲಿ, ಈ ಸಲ ವಿವರವಾಗಿಯೇ ಹೇಳುತ್ತೇನೆ. ದಯವಿಟ್ಟು ಉಳಿಸಿಟ್ಟುಕೊಳ್ಳಿ.

ಮೊದಲು ಡಾಕ್ಟರ್ ಹತ್ತಿರ ಹೋದದ್ದು ಸರಿ. ಥೈರಾಯ್ಡ್ ಜಾಸ್ತಿಯಾದರೂ, ಕಾಫಿ ಜಾಸ್ತಿಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಆದರೆ ‘ಏನೂ ಇಲ್ಲ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹೆದರಿಕೆಯಲ್ಲಿ ದೇಹ ಸುರಿಸುವ ಅಡ್ರಿನಲಿನ್ ಎಂಬ ಹಾರ್ಮೋನ್ ರಕ್ತಕ್ಕೆ ಇಳಿದಿರುವುದು ನಿಜ, ಬೆವರು ನಿಜ. ಅಪಾಯ ಮಾತ್ರ ಇಲ್ಲ.

ಈಗ ಆ ‘ಭಾರ ಇಳಿಸಿಕೊಳ್ಳುವ’ ವಿಚಾರಕ್ಕೆ ಬರೋಣ. ಎದುರಿಗೊಬ್ಬರು ತಲೆಯಾಡಿಸುತ್ತಾ ಕೂತಿರುತ್ತಾರೆ, ನಾವು ಎಲ್ಲ ಹೇಳಿಕೊಂಡು ಅತ್ತು ಹಗುರಾಗಿ ಮನೆಗೆ ಬರುತ್ತೇವೆ, ಅದೇ ಥೆರಪಿ. ಎಷ್ಟು ಸಲ ಅಲ್ಲಗಳೆದರೂ ಈ ನಂಬಿಕೆ ಸಾಯುವುದೇ ಇಲ್ಲ. ದುಃಖ ಹೇಳಿಕೊಂಡರೆ ಹಗುರಾಗಬಹುದು. ಆತಂಕದ ಲೆಕ್ಕವೇ ಬೇರೆ.

ನೀವು ಸ್ನೇಹಿತನಿಗೆ ಫೋನ್ ಮಾಡಿ, ‘ಎದೆ ಹೊಡ್ಕೊಳ್ತಿದೆ ಕಣೋ, ಹಾರ್ಟ್ ಅಟ್ಯಾಕ್ ಇರಬಹುದಾ?’ ಅನ್ನುತ್ತೀರಿ. ಅವನು ‘ಏ, ಏನೂ ಆಗಲ್ಲ ಸುಮ್ನಿರೋ’ ಅನ್ನುತ್ತಾನೆ. ಹಾಯೆನಿಸುತ್ತದೆ. ಎಷ್ಟು ಹೊತ್ತು? ಸ್ವಲ್ಪ ಹೊತ್ತಿಗೆ ‘ಅವನಿಗೇನು ಗೊತ್ತು, ಅವನೇನು ಡಾಕ್ಟರಾ?’ ಅಂತ ಮತ್ತೆ ಶುರು. ಇನ್ನೊಬ್ಬರಿಗೆ ಫೋನ್. ಕೆರೆದಷ್ಟೂ ತುರಿಕೆ ಹೆಚ್ಚುವ ಹಾಗೆ. ಕೇಳಿದ್ದಕ್ಕೇ ಬಚಾವಾದೆ ಎಂದು ಮಿದುಳು ಪ್ರತಿ ಸಲ ಪಾಠ ಕಲಿಯುತ್ತದೆ. ಅಪಾಯ ಮೊದಲೇ ಇರಲಿಲ್ಲ ಅನ್ನುವುದು ಅದಕ್ಕೆ ಗೊತ್ತಾಗುವುದೇ ಇಲ್ಲ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವುದು, ಜೇಬಿನಲ್ಲಿ ಮಾತ್ರೆ ಇಲ್ಲದೆ ಹೊರಗೆ ಕಾಲಿಡದಿರುವುದು, ಗಳಿಗೆಗೊಮ್ಮೆ ನಾಡಿ ಹಿಡಿದು ನೋಡಿಕೊಳ್ಳುವುದು, ನಡುರಾತ್ರಿ ಎದ್ದು ರೋಗಲಕ್ಷಣ ಗೂಗಲ್ ಮಾಡುವುದು, ಎಲ್ಲ ಇದೇ ಜಾತಿ.

ಒಳ್ಳೆಯ ಥೆರಪಿಸ್ಟ್ ಈ ಥರದ ಸಮಾಧಾನವನ್ನು ಪದೇ ಪದೇ ಕೊಡುವುದಿಲ್ಲ. ಅದಕ್ಕೇ ಕೆಲವರು ಎರಡನೇ ಸಲ ಹೋಗುವುದೇ ಇಲ್ಲ. ‘ಧೈರ್ಯವನ್ನೇ ಹೇಳಲಿಲ್ಲ’ ಅಂತ ನನಗೆ ದೂರು ಬೇರೆ!

ಹಾಗಾದರೆ ಅಲ್ಲಿ ಮಾಡುವುದೇನು? ದೇಹದ ಸಾಮಾನ್ಯ ಏರುಪೇರನ್ನೇ ದೊಡ್ಡ ಅನಾಹುತದ ಸೂಚನೆ ಎಂದು ಓದಿಕೊಳ್ಳುವುದರಿಂದ ಪ್ಯಾನಿಕ್, ಅಂದರೆ ದಿಢೀರನೆ ಉಕ್ಕುವ ವಿಪರೀತ ಗಾಬರಿ, ಹುಟ್ಟುತ್ತದೆ ಎಂದು ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದರು. ಎದೆ ಜೋರಾಗಿ ಹೊಡೆಯಿತು, ಹೃದಯಾಘಾತ ಅಂದುಕೊಂಡಿರಿ, ಹೆದರಿಕೆಗೆ ಅಡ್ರಿನಲಿನ್ ಇನ್ನಷ್ಟು ಬಂತು, ಎದೆ ಇನ್ನೂ ಜೋರಾಯಿತು. ಈ ಸುತ್ತನ್ನು ಕಡಿಯಬೇಕು.

ಥೆರಪಿಸ್ಟ್ ನಿಮ್ಮ ಕೈಗೊಂದು ಹಾಳೆ ಕೊಡುತ್ತಾರೆ. ಎದೆಬಡಿತ ಏರಿದರೆ ಏನಾಗುತ್ತದೆ ಅಂತ ಬರೆಯಿರಿ ಅನ್ನುತ್ತಾರೆ. ‘ತಲೆ ತಿರುಗಿ ಬೀಳುತ್ತೇನೆ’ ಎಂದು ಬರೆಯುತ್ತೀರಿ. ಅದರಲ್ಲಿ ನಂಬಿಕೆ ಎಷ್ಟು? ನೂರಕ್ಕೆ ಎಂಬತ್ತು. ಈಗ ಎದ್ದು ನಿಂತಲ್ಲೇ ಒಂದು ನಿಮಿಷ ಓಡಿ. ಎಷ್ಟೋ ಸಲ ಅವರೂ ಜೊತೆಗೆ ಓಡುತ್ತಾರೆ. ಏದುಸಿರು ಬರುತ್ತದೆ, ಕಿವಿ ಬಿಸಿಯಾಗುತ್ತದೆ, ಕೈ ತಾನಾಗಿಯೇ ಕುರ್ಚಿಯ ಕಡೆ ಹೋಗುತ್ತದೆ. ‘ಹಿಡ್ಕೋಬೇಡಿ, ಹಾಗೇ ನಿಂತ್ಕೊಳ್ಳಿ.’ ನಿಲ್ಲುತ್ತೀರಿ. ಬೀಳುವುದಿಲ್ಲ. ಎಂಬತ್ತು ಅಂತ ಬರೆದದ್ದು ಈಗ ಎಷ್ಟು? ಅರವತ್ತು. ನಾಳೆ ಮನೆಯಲ್ಲಿ ಇದನ್ನೇ ಮತ್ತೆ ಮಾಡಬೇಕು, ಅದು ಹೋಮ್‌ವರ್ಕ್.

ಅಂದಹಾಗೆ, ಗಾಬರಿಯಲ್ಲಿ ರಕ್ತದೊತ್ತಡ ಸಾಮಾನ್ಯವಾಗಿ ಏರುತ್ತದೆ. ಪ್ರಜ್ಞೆ ತಪ್ಪುವುದು ಹೆಚ್ಚಾಗಿ ಅದು ದಿಢೀರನೆ ಇಳಿದಾಗ. ರಕ್ತ, ಸೂಜಿ ಕಂಡರೆ ಬೀಳುವವರ ಕತೆ ಬೇರೆ.

ಇದು ನಿನ್ನೆ ಮೊನ್ನೆಯ ಉಪಾಯವೂ ಅಲ್ಲ. ಮೊಲ ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ 1924ರಲ್ಲೇ ಬರೆದಿದ್ದಾರೆ. ಅವನಿಗೆ ಇಷ್ಟದ ತಿಂಡಿ ಕೊಟ್ಟು, ಪಂಜರದ ಮೊಲವನ್ನು ದಿನ ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಮುದ್ದು ಮಾಡತೊಡಗಿದ. ‘ಹೆದರಬೇಡ ಮರಿ’ ಎಂದು ಹೇಳುವುದರಿಂದಲೇ ಆಗುವ ಕೆಲಸವಾಗಿದ್ದರೆ ಇಷ್ಟೆಲ್ಲ ಬೇಕಿತ್ತಾ? 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ಯೋಚನೆಗಳನ್ನೂ ಹೀಗೇ ಪರೀಕ್ಷೆಗೆ ಒಡ್ಡುವ ಕ್ರಮ ತಂದರು. ಅದೇ ಇಂದಿನ ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ; ಯೋಚನೆ, ನಡವಳಿಕೆ ಎರಡನ್ನೂ ತಿದ್ದುವ ಚಿಕಿತ್ಸೆ. ಸಾಮಾನ್ಯವಾಗಿ 12ರಿಂದ 20 ಭೇಟಿ. ಜೀವನಪೂರ್ತಿ ಹೋಗಬೇಕಾದ್ದೇನಲ್ಲ.

ಮಾತ್ರೆ ಬೇಕಾ ಬೇಡವಾ ಅನ್ನುವುದನ್ನು ಮನೋವೈದ್ಯರ ಜೊತೆ ತೀರ್ಮಾನಿಸಿ. ಎರಡೂ ಒಟ್ಟಿಗೆ ನಡೆಯಬಹುದು. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಬೇಕು, ಮನೆಯವರ ಪಾಡು. ‘ನನಗೇನೂ ಆಗಲ್ಲ ಅಲ್ವಾ?’ ಎಂದು ದಿನಕ್ಕೆ ಹತ್ತು ಸಲ ಕೇಳುವವರಿಗೆ ಏನು ಉತ್ತರ ಕೊಡುವುದು? ‘ಆಗಲ್ಲ’ ಅಂದರೆ ಆತಂಕಕ್ಕೆ ಗೊಬ್ಬರ. ರೇಗಿದರೆ ಜಗಳ. ಇದ್ದಕ್ಕಿದ್ದಂತೆ ಬಾಯಿ ಮುಚ್ಚಿಕೊಂಡರೆ ಅದು ಕ್ರೌರ್ಯ. ಎಲ್ಲರೂ ಶಾಂತವಾಗಿರುವ ಒಂದು ಹೊತ್ತಿನಲ್ಲಿ ಕೂತು ಮೊದಲೇ ಮಾತಾಡಿಕೊಳ್ಳಿ: ಒಂದು ಸಲ ಉತ್ತರ ಕೊಡುತ್ತೇವೆ, ಎರಡನೇ ಸಲ ‘ಇದು ಆತಂಕ ಕೇಳ್ತಿರೋ ಪ್ರಶ್ನೆ ಅಲ್ವಾ? ನಾನು ಇಲ್ಲೇ ಇರ್ತೀನಿ’ ಅನ್ನುತ್ತೇವೆ ಅಂತ. ಆಮೇಲೆ ನಿಜವಾಗಿಯೂ ಪಕ್ಕದಲ್ಲಿ ಕೂತಿರಿ. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿ ಮುಟ್ಟಿ ಇಳಿಯತೊಡಗುತ್ತದೆ. ಹೊಸ ಥರದ ನೋವು, ಎಂದೂ ಇಲ್ಲದ ಉಸಿರಾಟದ ತೊಂದರೆ ಕಂಡರೆ ಮಾತ್ರ ಈ ಒಪ್ಪಂದ ಮರೆತು ನೇರ ಡಾಕ್ಟರ್ ಹತ್ತಿರ ಹೋಗಿ.