ಅರೆನಿದ್ರೆಯ ವಿಂಡೋಸ್, ಪಕ್ಕದಲ್ಲಿ ಲಿನಕ್ಸ್

ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಲ್ಯಾಪ್‌ಟಾಪ್ ತಂದು ನನ್ನ ಮೇಜಿನ ಮೇಲಿಟ್ಟರು. ತೆರೆದರೆ ನೀಲಿ ಪರದೆ, ಅದರ ನಡುವೆ 48 ಅಂಕಿಗಳ ಕೀಲಿಯನ್ನು ಕೇಳುವ ಖಾಲಿ ಪಟ್ಟಿ. ಹಿಂದಿನ ರಾತ್ರಿ ಅವರು ವಿಂಡೋಸ್ ಜೊತೆಗೆ ಲಿನಕ್ಸ್ ಹಾಕಿಕೊಳ್ಳಲು ಕುಳಿತಿದ್ದರು. ಪೆನ್ ಡ್ರೈವ್‌ನಿಂದ ಬೂಟ್ ಆಗಲಿಲ್ಲವೆಂದು ಸೆಟ್ಟಿಂಗ್ಸ್‌ಗೆ ಹೋಗಿ ಸೆಕ್ಯೂರ್ ಬೂಟ್ (ನಂಬಿಕಸ್ಥ ಸಹಿ ಇರುವ ವ್ಯವಸ್ಥೆಗಳನ್ನಷ್ಟೇ ಶುರುವಾಗಲು ಬಿಡುವ ಕಾವಲು) ಅನ್ನು ಆಫ್ ಮಾಡಿದ್ದರು, ಅಷ್ಟೇ. ಲಿನಕ್ಸ್ ಇನ್ನೂ ಡಿಸ್ಕಿಗೆ ಇಳಿದೇ ಇರಲಿಲ್ಲ. “ನಾನು ಯಾವ ಬೀಗವನ್ನೂ ಹಾಕಿಲ್ಲ ಸರ್, ನನ್ನ ಪ್ರಬಂಧದ ಮೂರು ಅಧ್ಯಾಯಗಳು ಇದರಲ್ಲಿವೆ” ಎಂದರು.

ಅವರು ಹೇಳಿದ್ದು ನಿಜ. ಬೀಗ ಹಾಕಿದ್ದು ವಿಂಡೋಸ್. ಇತ್ತೀಚಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ಡಿಸ್ಕ್ ತಾನಾಗಿ ಗೂಢಲಿಪಿಗೆ ತಿರುಗುತ್ತದೆ. ಅದನ್ನು ಬಿಡಿಸುವ ಕೀಲಿ ಟಿಪಿಎಂ ಎಂಬ ಚಿಪ್ಪಿನ ವಶದಲ್ಲಿರುತ್ತದೆ. ಕಂಪ್ಯೂಟರ್ ಆನ್ ಆದಾಗಲೆಲ್ಲ ಆ ಚಿಪ್ಪು ‘ನಿನ್ನೆ ಹೇಗೆ ಶುರುವಾಗಿತ್ತೋ ಇಂದೂ ಹಾಗೆಯೇ ಶುರುವಾಗುತ್ತಿದೆಯೇ’ ಎಂದು ಪರೀಕ್ಷಿಸುತ್ತದೆ. ಸೆಕ್ಯೂರ್ ಬೂಟ್ ಆಫ್ ಆಗಿದ್ದರೆ ಉತ್ತರ ‘ಇಲ್ಲ’, ಕೀಲಿಯೂ ಇಲ್ಲ. ನಾನು ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಮೊದಲಿದ್ದಂತೆ ಆನ್ ಮಾಡಿದೆ, ವಿಂಡೋಸ್ ತೆರೆದುಕೊಂಡಿತು. ಆಮೇಲೆ ಅವರ ಮೊಬೈಲ್‌ನಲ್ಲಿ ಮೈಕ್ರೋಸಾಫ್ಟ್ ಖಾತೆಯನ್ನು ತೆರೆಸಿ, ಅಲ್ಲಿದ್ದ ಬಿಟ್‌ಲಾಕರ್ (ವಿಂಡೋಸ್‌ನ ಈ ಬೀಗದ ಹೆಸರು) ಕೀಲಿಯನ್ನು ಅವರ ಕೈಯಿಂದಲೇ ಕಾಗದದ ಮೇಲೆ ಬರೆಸಿದೆ.

ಎರಡು ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳುವವರು ಮೊದಲು ಮಾಡಬೇಕಾದ ಕೆಲಸ ಇದೇ. ಕೀಲಿ ಕಾಗದದ ಮೇಲಿರಬೇಕು, ಕಡತಗಳ ಪ್ರತಿ ಹೊರಗಿನ ಡಿಸ್ಕಿನಲ್ಲಿರಬೇಕು, ಆ ಡಿಸ್ಕನ್ನು ಕಂಪ್ಯೂಟರ್‌ನಿಂದ ಕಿತ್ತು ಪಕ್ಕಕ್ಕಿಟ್ಟಿರಬೇಕು. ಅಂದ ಹಾಗೆ, ಉಬುಂಟು, ಫೆಡೋರಾದಂಥ ಹೆಸರಾಂತ ಲಿನಕ್ಸ್‌ಗಳು ಸೆಕ್ಯೂರ್ ಬೂಟ್ ಆನ್ ಇದ್ದರೂ ನಡೆಯುತ್ತವೆ. ಅವುಗಳ ಬೂಟ್ ಕಡತಕ್ಕೆ ಮೈಕ್ರೋಸಾಫ್ಟ್‌ನ ಸಹಿ ಇರುತ್ತದೆ. ಹಾಗಾಗಿ ಅದನ್ನು ಆಫ್ ಮಾಡುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಇಷ್ಟು ವರ್ಷಗಳಲ್ಲಿ ನಾನು ಕಂಡ ಅವಾಂತರಗಳ ಮೂಲ ಒಂದೇ: ಪ್ರತಿಯೊಂದು ವ್ಯವಸ್ಥೆಯೂ ಈ ಯಂತ್ರ ತನ್ನೊಬ್ಬನದೇ ಎಂದು ನಂಬಿರುತ್ತದೆ. ಡಿಸ್ಕ್, ಗಡಿಯಾರ, ಬೂಟ್ ಆಗುವ ಸರದಿ, ಎಲ್ಲವನ್ನೂ ತನ್ನ ಸ್ವಂತದ್ದೆಂದೇ ಬಳಸುತ್ತದೆ. ಒಂದೇ ಒರೆಯಲ್ಲಿ ಎರಡು ಕತ್ತಿ ಇಡಬೇಕಾದರೆ ನಡುವಿನ ಗೆರೆಯನ್ನು ನಾವೇ ಎಳೆಯಬೇಕು.

ಇದರಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಕಣ್ಣಿಗೆ ಕಾಣುವುದೇ ಇಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ‘ಶಟ್ ಡೌನ್’ ಒತ್ತಿದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ನಿಮ್ಮ ಕೆಲಸಗಳನ್ನು ಮುಚ್ಚಿ, ತನ್ನ ಒಳತಿರುಳನ್ನು ಮಾತ್ರ ಒಂದು ಕಡತದಲ್ಲಿ ಬರೆದಿಟ್ಟು ಮಲಗುತ್ತದೆ. ಮರುದಿನ ಬೇಗ ಏಳಲು ಈ ಉಪಾಯ, ಹೆಸರು ‘ಫಾಸ್ಟ್ ಸ್ಟಾರ್ಟ್‌ಅಪ್’. ‘ರೀಸ್ಟಾರ್ಟ್’ ಕೊಟ್ಟಾಗ ಮಾತ್ರ ವಿಂಡೋಸ್ ನಿಜವಾಗಿ ಮುಚ್ಚಿ ಹೊಸದಾಗಿ ಏಳುತ್ತದೆ. ಇದನ್ನು ಹೇಳಿದಾಗ ಅನುಭವಿಗಳೂ ಅಚ್ಚರಿಪಡುವುದನ್ನು ನೋಡಿದ್ದೇನೆ.

ಹೀಗೆ ಅರೆನಿದ್ರೆಯಲ್ಲಿರುವ ವಿಂಡೋಸ್‌ನ ನೆನಪಿನಲ್ಲಿ ಡಿಸ್ಕಿನ ಹಳೆಯ ಚಿತ್ರ ಹಾಗೆಯೇ ಉಳಿದಿರುತ್ತದೆ. ಆ ಹೊತ್ತಿಗೆ ನೀವು ಲಿನಕ್ಸ್ ತೆರೆದು, ವಿಂಡೋಸ್‌ನ ಡ್ರೈವ್‌ಗೆ ಒಂದಷ್ಟು ಫೋಟೋಗಳನ್ನು ಹಾಕುತ್ತೀರಿ ಎಂದುಕೊಳ್ಳಿ. ವಿಂಡೋಸ್ ಎದ್ದಾಗ ಅದಕ್ಕೆ ಆ ಬದಲಾವಣೆ ಗೊತ್ತಿಲ್ಲ. ಖಾಲಿ ಎಂದು ತಾನು ತಿಳಿದ ಜಾಗದಲ್ಲಿ, ಅಂದರೆ ನಿಮ್ಮ ಫೋಟೋಗಳ ಮೇಲೆಯೇ, ಬರೆದುಬಿಡಬಹುದು. ಲಿನಕ್ಸ್ ಇದನ್ನು ಗುರುತಿಸಿ ಆ ಡ್ರೈವ್ ಅನ್ನು ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಅದು ನಿಮ್ಮನ್ನು ಕಾಯುತ್ತಿದೆ. ಯಾರೋ ಹೇಳಿಕೊಟ್ಟ ಕಮಾಂಡ್ ಬಳಸಿ ಒತ್ತಾಯದಿಂದ ಆ ತಡೆಯನ್ನು ಮುರಿಯಬೇಡಿ. ವಿಂಡೋಸ್‌ಗೆ ಹೋಗಿ, ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಗುರುತನ್ನು ತೆಗೆಯಿರಿ. ದೊಡ್ಡ ಅಪ್‌ಡೇಟ್ ಬಂದ ಮೇಲೆ ಅದು ಹಾಗೆಯೇ ಇದೆಯೇ ಎಂದು ಇನ್ನೊಮ್ಮೆ ನೋಡಿ.

ಇನ್ನು ಜಾಗ ಮಾಡುವ ಕೆಲಸ. ವಿಂಡೋಸ್‌ನ ಪಾರ್ಟಿಷನ್ ಅನ್ನು, ಅಂದರೆ ಡಿಸ್ಕಿನಲ್ಲಿ ಅದಕ್ಕೆ ಮೀಸಲಾದ ಭಾಗವನ್ನು, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಕುಗ್ಗಿಸುವುದು ಒಳ್ಳೆಯದು. 300 ಜಿಬಿ ಖಾಲಿ ಇದ್ದರೂ ‘ಇಷ್ಟೇ ಕುಗ್ಗಿಸಬಹುದು’ ಎಂದು ಅದು ತೀರಾ ಸಣ್ಣ ಅಂಕಿಯನ್ನು ತೋರಿಸಿದರೆ ಗಾಬರಿಯಾಗಬೇಡಿ. ವಿಂಡೋಸ್ ತನಗಾಗಿ ಇಟ್ಟುಕೊಳ್ಳುವ ಪೇಜ್ ಫೈಲ್, ಹೈಬರ್ನೇಷನ್ ಕಡತ, ರಿಸ್ಟೋರ್ ಪಾಯಿಂಟ್‌ಗಳು ಡಿಸ್ಕಿನ ನಡುವೆ ಎಲ್ಲೋ ಅಲುಗದೆ ಕುಳಿತಿರುತ್ತವೆ. ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಕೊಟ್ಟು ಮತ್ತೆ ಪ್ರಯತ್ನಿಸಿದರೆ ಅಂಕಿ ಸಾಮಾನ್ಯವಾಗಿ ಏರುತ್ತದೆ.

‘ಮೊದಲು ವಿಂಡೋಸ್, ಆಮೇಲೆ ಲಿನಕ್ಸ್’ ಎಂಬ ಮಾತು ಹಳೆಯ ಕಾಲದ ಬಳುವಳಿ. 1983ರಲ್ಲಿ ಬಂದ ಎಂಬಿಆರ್ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟ್‌ಗಳೊಳಗೆ ಬೂಟ್ ಸಂಕೇತವೂ ನಾಲ್ಕು ಪಾರ್ಟಿಷನ್‌ಗಳ ಪಟ್ಟಿಯೂ ಇರಬೇಕಿತ್ತು. ಬೂಟ್‌ಗೆ ಇದ್ದದ್ದು ಒಂದೇ ಜಾಗ, ಕೊನೆಗೆ ಬಂದವರದೇ ಅಧಿಕಾರ. ಯುಇಎಫ್ಐ ಎಂಬ ಹೊಸ ಬಗೆಯ ಆರಂಭಿಕ ತಂತ್ರಾಂಶವಿರುವ ಈಗಿನ ಯಂತ್ರಗಳಲ್ಲಿ ಹಾಗಿಲ್ಲ. ‘ಇಎಫ್ಐ’ ಎಂಬ ಪುಟ್ಟ ಪಾರ್ಟಿಷನ್ ಒಂದಿರುತ್ತದೆ. ವಿಂಡೋಸ್ ತಾನೇ ಮಾಡಿಕೊಂಡಿದ್ದರೆ ಸಾಮಾನ್ಯವಾಗಿ 100 ಎಂಬಿ. ಅದರೊಳಗೆ ವಿಂಡೋಸ್‌ಗೆ ಒಂದು ಫೋಲ್ಡರ್, ಲಿನಕ್ಸ್‌ಗೆ ಇನ್ನೊಂದು. ಎರಡೂ ಪರಸ್ಪರ ಮುಟ್ಟದೆ ಇರಬಲ್ಲವು. ಆದರೂ ನಾನು ವಿಂಡೋಸ್ ಅನ್ನೇ ಮೊದಲು ಹಾಕುತ್ತೇನೆ, ಏಕೆಂದರೆ ಅದು ಆಮೇಲೆ ಬಂದರೆ ಬೂಟ್ ಸರದಿಯಲ್ಲಿ ತನ್ನನ್ನು ಮುಂದಿಟ್ಟುಕೊಳ್ಳುತ್ತದೆ.

ಲಿನಕ್ಸ್ ಹಾಕುವಾಗ ಪಾರ್ಟಿಷನ್‌ಗಳನ್ನು ಕೈಯಾರೆ ಆರಿಸುವ ಪರದೆ ಬರುತ್ತದೆ. ಅಲ್ಲಿ ಪ್ರತಿ ಸಾಲಿನ ಪಕ್ಕ ‘ಫಾರ್ಮ್ಯಾಟ್’ ಎಂಬ ಪುಟ್ಟ ಚೌಕ ಇರುತ್ತದೆ. ಲಿನಕ್ಸ್‌ಗೆಂದು ಬಿಟ್ಟ ಜಾಗಕ್ಕೆ ಅದು ಬೇಕು, ಇಎಫ್ಐ ಸಾಲಿಗೆ ಖಂಡಿತ ಬೇಡ. ಆ ಒಂದು ಗುರುತು ಬಿದ್ದರೆ ವಿಂಡೋಸ್‌ನ ಬೂಟ್ ಕಡತಗಳು ಅಳಿಸಿಹೋಗುತ್ತವೆ. ಈ ಪರದೆಯ ಮುಂದೆ ನಾನು ಇಂದಿಗೂ ಮೌಸ್‌ನಿಂದ ಕೈ ತೆಗೆದು, ಪ್ರತಿ ಸಾಲಿನ ಗಾತ್ರವನ್ನು ಬಾಯಲ್ಲಿ ಓದಿಕೊಳ್ಳುತ್ತೇನೆ. ಇನ್ನೊಂದು ಎಚ್ಚರ: ಬೂಟ್ ಮೆನುವಿನಲ್ಲಿ ಒಂದೇ ಪೆನ್ ಡ್ರೈವ್ ಎರಡು ಬಾರಿ ಕಾಣಿಸಿದರೆ, ‘ಯುಇಎಫ್ಐ’ ಎಂದು ಬರೆದಿರುವುದನ್ನೇ ಆರಿಸಿ.

ಗಡಿಯಾರದ ತಕರಾರು ಸಣ್ಣದು. ಮದರ್‌ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯವನ್ನಿಡುತ್ತದೆ, ಲಿನಕ್ಸ್ ಯುಟಿಸಿಯನ್ನು (ಜಗತ್ತಿನ ಪ್ರಮಾಣ ಸಮಯವನ್ನು) ಇಡುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದಾಗ ಸಮಯ ತಪ್ಪಾಗಿ ಕಾಣುವುದು ಇದಕ್ಕೇ. ಸ್ಥಳೀಯ ಸಮಯವನ್ನು ಪಾಲಿಸುವಂತೆ ಲಿನಕ್ಸ್‌ಗೆ ಹೇಳಿದರೆ ಮುಗಿಯಿತು. ಯಾವ ವ್ಯವಸ್ಥೆ ಬೇಕೆಂದು ಆರಂಭದಲ್ಲಿ ಕೇಳುವ ಲಿನಕ್ಸ್‌ನ ಗ್ರಬ್ ಮೆನುವಿನಲ್ಲಿ ವಿಂಡೋಸ್ ಹೆಸರೇ ಇಲ್ಲದಿದ್ದರೂ ಹೆದರಬೇಡಿ. 2021ರಲ್ಲಿ ಬಂದ ಗ್ರಬ್ 2.06ರಿಂದ, ಭದ್ರತೆಯ ಕಾರಣಕ್ಕೆ, ಬೇರೆ ವ್ಯವಸ್ಥೆಗಳನ್ನು ಹುಡುಕುವ ಸೌಲಭ್ಯವನ್ನು ಮೊದಲೇ ಆಫ್ ಮಾಡಿಟ್ಟಿರುತ್ತಾರೆ. ಅದನ್ನು ಆನ್ ಮಾಡಿ ಗ್ರಬ್ ಅನ್ನು ಅಪ್‌ಡೇಟ್ ಮಾಡಿದರೆ ಹೆಸರು ಬರುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಲಿನಕ್ಸ್ ಪೆನ್ ಡ್ರೈವ್ ಅನ್ನು ಅಳಿಸಬೇಡಿ. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಭದ್ರತಾ ಅಪ್‌ಡೇಟ್ ಒಂದರ ನಂತರ, ಎರಡೂ ವ್ಯವಸ್ಥೆಗಳಿದ್ದ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಬೂಟ್ ಆಗುವುದು ನಿಂತಿತ್ತು. ಚೆನ್ನಾಗಿಯೇ ನಡೆಯುತ್ತಿದ್ದ ಯಂತ್ರಗಳು ಅವು.

ಲಿನಕ್ಸ್ ಹೇಗಿದೆ ಎಂದು ನೋಡುವುದಷ್ಟೇ ಉದ್ದೇಶವಾದರೆ ಇದೆಲ್ಲ ಬೇಕಿಲ್ಲ, ವಿಂಡೋಸ್‌ನೊಳಗೆ ಓಡುವ ಕಾಲ್ಪನಿಕ ಕಂಪ್ಯೂಟರ್, ಅಂದರೆ ವರ್ಚುವಲ್ ಮಷಿನ್ ಸಾಕು. ಕಮಾಂಡ್‌ಗಳಷ್ಟೇ ಬೇಕಾದವರಿಗೆ ವಿಂಡೋಸ್‌ನೊಳಗೇ ಓಡುವ ಡಬ್ಲ್ಯುಎಸ್ಎಲ್ ಇದೆ. ಗ್ರಾಫಿಕ್ಸ್ ಕಾರ್ಡಿನ ಪೂರ್ತಿ ಬಲ ಬೇಕಾದವರಿಗೆ, ರ‍್ಯಾಮ್ ಕಡಿಮೆ ಇರುವವರಿಗೆ ಮಾತ್ರ ಎರಡನ್ನೂ ನೇರವಾಗಿ ಹಾಕಿಕೊಳ್ಳುವುದು ಸಾರ್ಥಕ. ಯಂತ್ರದಲ್ಲಿ ಇನ್ನೊಂದು ಎಸ್ಎಸ್‌ಡಿಗೆ ಜಾಗವಿದ್ದರೆ ಲಿನಕ್ಸ್ ಅನ್ನು ಅದಕ್ಕೇ ಹಾಕಿ. ಹಾಕುವಾಗ ವಿಂಡೋಸ್ ಇರುವ ಡಿಸ್ಕನ್ನು ಬಿಚ್ಚಿಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಮುಂದೊಂದು ದಿನ ಲಿನಕ್ಸ್ ಬೇಡವೆನಿಸಿದರೆ ಅದರ ಪಾರ್ಟಿಷನ್ ಅನ್ನು ನೇರವಾಗಿ ಅಳಿಸಲು ಹೋಗಬೇಡಿ. ಇಎಫ್ಐ ಪಾರ್ಟಿಷನ್‌ನಲ್ಲಿ ಉಳಿದ ಗ್ರಬ್, ಅಳಿದುಹೋದ ಕಡತಗಳನ್ನು ಹುಡುಕಿ ಸಿಗದೆ, ಕಪ್ಪು ಪರದೆಯ ಮೇಲೆ ತನ್ನ ಹೆಸರನ್ನಷ್ಟೇ ತೋರಿಸಿ ನಿಂತುಬಿಡುತ್ತದೆ. ಮೊದಲು ಯುಇಎಫ್ಐ ಸೆಟ್ಟಿಂಗ್ಸ್‌ನಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಸರದಿಯ ಮೇಲಕ್ಕೆ ತಂದು, ವಿಂಡೋಸ್ ತಾನಾಗಿ ಏಳುವುದನ್ನು ಖಚಿತಪಡಿಸಿಕೊಂಡ ಮೇಲೆ ಪಾರ್ಟಿಷನ್ ಅಳಿಸಿ. ಅಳಿಸಿ ಸಿಕ್ಕಿಬಿದ್ದಿದ್ದೀರಾದರೆ ಆ ಕಪ್ಪು ಪರದೆಗೆ ಹೆದರಿ ವಿಂಡೋಸ್ ಅನ್ನು ಹೊಸದಾಗಿ ಹಾಕಬೇಡಿ. ಕಂಪ್ಯೂಟರ್ ಆನ್ ಮಾಡುತ್ತಲೇ ಬೂಟ್ ಮೆನುವಿನ ಕೀ ಒತ್ತಿ ನೋಡಿ, ವಿಂಡೋಸ್ ಬೂಟ್ ಮ್ಯಾನೇಜರ್ ಆ ಪಟ್ಟಿಯಲ್ಲೇ ಇರುತ್ತದೆ.