ಚೀಸ್‌ಕೇಕ್ ಟಿನ್ನಿಗೆ ಮೊದಲು ನೀರು ಹಾಕಿ ನೋಡಿ

ಬಳ್ಳಾರಿಯ ಗಾಂಧಿನಗರದಲ್ಲಿ ನಾನು ನಡೆಸುವ ಬೇಕಿಂಗ್ ಕ್ಲಾಸಿಗೆ ಬರುವವರು ಮೊದಲ ವಾರವೇ ಕೇಳುತ್ತಾರೆ, "ಅಕ್ಕಾ, ಚೀಸ್‌ಕೇಕಿಗೆ ಯಾವ ಟಿನ್ ತಗೋಬೇಕು?" ಫೋನಿನಲ್ಲಿ ನಾಲ್ಕಾರು ಫೋಟೊ ಇರುತ್ತವೆ. ಬಣ್ಣ, ಬೆಲೆ, ಕೋಟಿಂಗ್ ಎಲ್ಲಾ ವಿಚಾರಿಸಿರುತ್ತಾರೆ. ಟಿನ್ನಿನ ಸುತ್ತಲಿನ ಬಳೆ ಮತ್ತು ತಳ ಕೂಡುವ ಸಂದನ್ನು ಮಾತ್ರ ಯಾರೂ ನೋಡಿರುವುದಿಲ್ಲ.

ಚೀಸ್‌ಕೇಕನ್ನು ಮಾಮೂಲಿ ಕೇಕಿನ ಹಾಗೆ ಬೋರಲು ಹಾಕಿ ತೆಗೆಯೋಕಾಗಲ್ಲ. ಮೇಲಿನದು ಮೆತ್ತಗೆ, ಕೆಳಗಿನದು ಬಿಸ್ಕತ್ತಿನ ಪುಡಿ. ಅದಕ್ಕೇ ಸ್ಪ್ರಿಂಗ್‌ಫಾರ್ಮ್ ಟಿನ್. ಪಕ್ಕದ ಚಿಲಕ ತೆಗೆದರೆ ಬಳೆ ಸಡಿಲವಾಗಿ ಮೇಲೆ ಬರುತ್ತದೆ, ಕೇಕ್ ತಳದ ಮೇಲೆ ಕೂತೇ ಇರುತ್ತದೆ. ಎರಡು ತುಂಡು ಕೂಡಿಸಿದ ಮೇಲೆ ಸಂದು ಇದ್ದೇ ಇರುತ್ತದೆ ಅಲ್ವಾ? ದುಬಾರಿ ಟಿನ್ ಆದರೂ ಸೋರಬಹುದು ಅಂತಲೇ ಇಟ್ಟುಕೊಳ್ಳಿ.

ನನಗೆ ಇದು ಗೊತ್ತಾದದ್ದು ಒಂದು ಹುಟ್ಟುಹಬ್ಬದ ಆರ್ಡರಿನಲ್ಲಿ. ನೀರು ಒಳಗೆ ಹೋಗದಂತೆ ಟಿನ್ನಿಗೆ ಫಾಯಿಲ್ ಸುತ್ತಿ, ಹದವಾಗಿ ಬೇಯಲಿ ಅಂತ ಓವನ್ನಿನಲ್ಲಿ ಬಿಸಿನೀರಿನ ತಟ್ಟೆಯಲ್ಲಿ ಇಟ್ಟಿದ್ದೆ. ಮೇಲ್ಗಡೆ ಒಂದು ಬಿರುಕೂ ಇರಲಿಲ್ಲ. ಖುಷಿಯಿಂದ ಚಿಲಕ ತೆಗೆದೆ, ಕೆಳಗಿಂದ ನೀರು ಹರಿಯಿತು. ಬಿಸ್ಕತ್ತು ಒಗ್ಗರಣೆಗೆ ನೆನೆಸಿಟ್ಟ ಮಂಡಕ್ಕಿಯಂತಾಗಿತ್ತು. ಆಮೇಲೆ ಟೇಪ್ ಹಿಡಿದು ನೋಡಿದೆ. 8 ಇಂಚಿನ, 3 ಇಂಚು ಎತ್ತರದ ಟಿನ್ನಿಗೆ ತಳ ಮತ್ತು ಎರಡೂ ಪಕ್ಕ ಸೇರಿ 14 ಇಂಚು, ಅಂದರೆ ಸುಮಾರು 36 ಸೆಂ.ಮೀ. ಅಗಲದ ಫಾಯಿಲ್ ಬೇಕು. ನನ್ನ ಸುರುಳಿಯ ಅಗಲ 30 ಸೆಂ.ಮೀ. ಎರಡು ಹಾಳೆ ಜೋಡಿಸಿದ್ದೆ, ಜೋಡಣೆ ಸರಿಯಾಗಿ ತಳಕ್ಕೇ ಬಂದಿತ್ತು.

ಅಂದಿನಿಂದ ಫಾಯಿಲ್ ನಂಬಲ್ಲ. 8 ಇಂಚಿನ ಸ್ಪ್ರಿಂಗ್‌ಫಾರ್ಮನ್ನು 10 ಇಂಚಿನ, ಜೋಡಣೆಯೇ ಇಲ್ಲದ ಕೇಕ್ ಟಿನ್ನಿನೊಳಗೆ ಕೂರಿಸಿ ಅದನ್ನು ನೀರಿಗೆ ಇಡುತ್ತೇನೆ. ನಡುವೆ ಗಾಳಿ ಇರುವುದರಿಂದ ಬೇಯೋಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು, ಅಷ್ಟೇ. 9 ಇಂಚಿನದು ಸಾಲದು. ಚಿಲಕ ಹೊರಗೆ ಚಾಚಿರುತ್ತದೆ, ಒಳಗೆ ಇಳಿಯುವುದಿಲ್ಲ.

ಕೊಳ್ಳುವಾಗ ಚಿಲಕ ಹಾಕಿ, ಬಳೆಯನ್ನು ಹಿಡಿದು ತಳವನ್ನು ಬೆರಳಿಂದ ತಿರುಗಿಸಿ. ಸುಲಭವಾಗಿ ತಿರುಗಿದರೆ ಬೇಡ. ಆಮೇಲೆ ಒಂದು ಲೋಟ ನೀರು ಹಾಕಿ ಪೇಪರ್ ಮೇಲೆ ಐದು ನಿಮಿಷ ಇಡಿ. ಬ್ರೂಸ್‌ಪೇಟೆಯ ಪಾತ್ರೆ ಅಂಗಡಿಯಲ್ಲಿ ಹೀಗೆ ಮಾಡಿದಾಗ ಅಂಗಡಿಯವರು, "ಏನಕ್ಕಾ, ಕೊಡ ತಗಳಾಕ ಬಂದೀರೇನು?" ಅಂದರು. ಹೌದು, ಅದೇ ಪರೀಕ್ಷೆ. ಪೇಪರ್ ಅಂಚಿನಲ್ಲಿ ತೇವ ಆದರೆ ಪರವಾಗಿಲ್ಲ, ನೀರು ಹರಿದರೆ ವಾಪಸ್ ಕೊಡಿ.

ಬಣ್ಣಕ್ಕೂ ಅರ್ಥ ಇದೆ. ಕಪ್ಪು ನಾನ್‌ಸ್ಟಿಕ್ ಬೇಗ ಶಾಖ ಹೀರುತ್ತದೆ. ನಡುಭಾಗ ಬೇಯುವಷ್ಟರಲ್ಲಿ ಅಂಚು ಕೆಂಪಾಗಿ ಒಣಗುತ್ತದೆ. ಅದೇ ಇದ್ದರೆ 160 ಡಿಗ್ರಿಯ ಬದಲು 150ಕ್ಕೆ ಇಳಿಸಿ. ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು ತಿಳಿ ಬಣ್ಣದ ಅಲ್ಯೂಮಿನಿಯಂ, ಒಳಗೆ ಬಟರ್ ಪೇಪರ್. ಸಿಲಿಕೋನ್ ಈ ಕೆಲಸಕ್ಕೆ ಬೇಡ, ಎತ್ತಿದರೆ ಬಾಗುತ್ತದೆ.

ತಳದ ಸುತ್ತ ಎತ್ತರದ ಅಂಚಿದ್ದರೆ ಕೇಕ್ ಜಾರಿಸಿ ತೆಗೆಯುವಾಗ ಬಿಸ್ಕತ್ತು ಮುರಿಯುತ್ತದೆ. ತಳವನ್ನು ಮಗುಚಿ ಹಾಕಿ ನೋಡಿ, ಭದ್ರವಾಗಿ ಕೂತರೆ ಹಾಗೇ ಬಳಸಿ.

ಅಳತೆ? ನಿಮ್ಮ ಓಟಿಜಿಯ (ಮನೆಯ ಸಣ್ಣ ಕರೆಂಟ್ ಓವನ್) ಒಳಗನ್ನು ಅಳೆದ ಮೇಲೆ ನನ್ನನ್ನು ಕೇಳಿ. ಹೊರಗಿನ ಟಿನ್, ನೀರಿನ ತಟ್ಟೆ ಎಲ್ಲಾ ಹೋಗಬೇಕಲ್ವಾ? ಎಷ್ಟೋ ಮನೆಗೆ 7 ಇಂಚು ಸಾಕು. 9 ಇಂಚಿನ ರೆಸಿಪಿ ಇದ್ದರೆ 8ಕ್ಕೆ ಐದರಲ್ಲಿ ನಾಲ್ಕು ಭಾಗ, 7ಕ್ಕೆ ಐದರಲ್ಲಿ ಮೂರು ಭಾಗ ಮಾಡಿಕೊಳ್ಳಿ. ಎತ್ತರ ಮಾತ್ರ 3 ಇಂಚಿಗೆ ಕಡಿಮೆ ಬೇಡ.

ಮಾರುವವರಿಗೆ ಇನ್ನೊಂದು ಮಾತು. ನಮ್ಮ ಊರಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಬಳೆ ಬಿಚ್ಚಿದ ಚೀಸ್‌ಕೇಕ್ ಗಾಂಧಿನಗರದಿಂದ ಕೌಲ್ ಬಜಾರ್ ಮುಟ್ಟುವಷ್ಟರಲ್ಲಿ ಅಂಚು ಇಳಿಬೀಳುತ್ತದೆ. ಅದಕ್ಕೆ ಬೇಸಿಗೆಯಲ್ಲಿ ಟಿನ್ ಸಮೇತ ಕಳಿಸುತ್ತೇನೆ, ತೊಳೆದು ವಾಪಸ್ ಕೊಡಿ ಅನ್ನುತ್ತೇನೆ. ತಳ ವಾಪಸ್ ಬರುತ್ತದೆ, ಬಳೆ ಮರೆತುಹೋಗುತ್ತದೆ. ಹೀಗೆ ಒಂಟಿಯಾದ ಮೂರು ತಳ ಮನೆಯಲ್ಲಿವೆ. ಹೋಳಿಗೆ ತಟ್ಟೋಕೆ ಚೆನ್ನಾಗಿವೆ ಅಂತ ಅತ್ತೆ ಎತ್ತಿಟ್ಟುಕೊಂಡಿದ್ದಾರೆ.